ಮತದಾನವೂ ಸ್ವತ್ವವೂ: ಕನ್ನಡ ನಾಡಿನ ಚುನಾವಣೆಗಳಲ್ಲಿ ಭೂಮಿ, ಕುಲ, ಋಣಗಳ ಪ್ರಭಾವ

'ಮತ' ಎಂಬ ಶಬ್ದವು ಸಂಸ್ಕೃತದ 'ಮನ್' ಎಂಬ ಧಾತುವಿನಿಂದ ಹುಟ್ಟಿದುದು. ಆಲೋಚಿಸು, ಮನನ ಮಾಡು ಎಂಬುದು ಆ ಧಾತುವಿನ ಅರ್ಥವು. ಮತಿ, ಮನಸ್ಸು, ಮಂತ್ರ ಮೊದಲಾದ ಶಬ್ದಗಳೂ ಅದೇ ಬೇರಿನ ಕೊಂಬೆಗಳು. ಆದುದರಿಂದ ಮತವೆಂದರೆ ವಿಚಾರಿಸಿ ನಿಶ್ಚಯಿಸಿದ ಅಭಿಪ್ರಾಯವೆಂದು ಅರ್ಥವಾಗುತ್ತದೆ. ಕನ್ನಡದಲ್ಲಿ ಈ ಒಂದೇ ಶಬ್ದವು ಧರ್ಮಸಂಪ್ರದಾಯವನ್ನೂ ಚುನಾವಣೆಯ ಓಟನ್ನೂ ಹೇಳುವುದರಿಂದ, ಮಾತಿನಲ್ಲಿ ಬೆರೆತ ಈ ಎರಡು ಅರ್ಥಗಳು ವ್ಯವಹಾರದಲ್ಲಿಯೂ ಒಂದರೊಳಗೊಂದು ಬೆರೆತುಹೋಗುವುದುಂಟು. ಇನ್ನು 'ದಾನ' ಶಬ್ದವನ್ನು ನೋಡುವುದಾದರೆ, ತನ್ನ ವಸ್ತುವಿನಲ್ಲಿ ತನಗಿರುವ ಒಡೆತನವನ್ನು ಬಿಟ್ಟು, ಪಾತ್ರನಾದವನಿಗೆ ಅದರ ಒಡೆತನವನ್ನು ಉಂಟುಮಾಡುವುದೇ ದಾನವೆಂದು ಧರ್ಮಶಾಸ್ತ್ರಜ್ಞರು ಲಕ್ಷಣ ಹೇಳುವರು. ಈ ಲಕ್ಷಣದಿಂದ ಒಂದು ಮಾತು ತಾನಾಗಿ ಸಿದ್ಧವಾಗುತ್ತದೆ. ಯಾವ ವಸ್ತುವಿನಲ್ಲಿ ತನಗೆ ಸ್ವತ್ವವಿಲ್ಲವೋ ಆ ವಸ್ತುವನ್ನು ದಾನಮಾಡಲು ಬಾರದು. ಪರರ ಹಟ್ಟಿಯ ಹಸುವನ್ನು ಧಾರೆಯೆರೆದವನಿಗೆ ಪುಣ್ಯವೂ ಇಲ್ಲ, ಪಡೆದವನಿಗೆ ಹಾಲೂ ಇಲ್ಲ.

ಈ ನ್ಯಾಯವನ್ನು ಚುನಾವಣೆಗೆ ಅನ್ವಯಿಸಿ ನೋಡಿದರೆ ಕನ್ನಡ ನಾಡಿನ ಮತದಾನದ ಇತಿಹಾಸವು ಎರಡು ಪ್ರಶ್ನೆಗಳ ಇತಿಹಾಸವಾಗಿ ತೋರುವುದು. ಮತ ಹಾಕುವ ಹಕ್ಕು ಯಾರಿಗೆ ಯಾವಾಗ ದೊರೆಯಿತು ಎಂಬುದು ಮೊದಲನೆಯ ಪ್ರಶ್ನೆ. ಹಕ್ಕು ದೊರೆತ ಬಳಿಕ ತನ್ನ ಮತದಲ್ಲಿ ಮತದಾರನಿಗೆ ನಿಜವಾದ ಒಡೆತನವಿದ್ದಿತೇ ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯದಕ್ಕೆ ಶಾಸನಗಳೇ ಉತ್ತರ ಹೇಳುತ್ತವೆ. ಎರಡನೆಯದಕ್ಕೆ ಮಾತ್ರ ಹೊಲವನ್ನು, ಕಣವನ್ನು, ಸಾಲದ ಪತ್ರವನ್ನು, ಕುಲದ ಕಟ್ಟನ್ನು, ಶಾಲೆಯ ಬಾಗಿಲನ್ನು ಕೇಳಬೇಕಾಗುತ್ತದೆ.

ಮೈಸೂರು ಸಂಸ್ಥಾನವು ೧೮೮೧ನೆಯ ಇಸವಿಯಲ್ಲಿ ಒಡೆಯರ ವಂಶಕ್ಕೆ ಮರಳಿ ಬಂದಿತು. ಅದೇ ವರುಷ ಅಕ್ಟೋಬರ್ ೭ನೆಯ ತಾರೀಖು, ದಿವಾನ ರಂಗಾಚಾರ್ಲು ಅವರ ಪ್ರಯತ್ನದಿಂದ, ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿಗೆ ಕೂಡಿತು. ಆ ಸಭೆಗೆ ಬಂದ ಸದಸ್ಯರು ೧೪೪ ಮಂದಿ. ಅವರು ಪ್ರಜೆಗಳ ಓಟಿನಿಂದ ಆರಿಸಿ ಬಂದವರಾಗಿರದೆ, ಜಮೀನುದಾರರೊಳಗಿಂದಲೂ ವರ್ತಕರೊಳಗಿಂದಲೂ ಆರಿಸಲ್ಪಟ್ಟ ಗಣ್ಯರಾಗಿದ್ದರು. ಹತ್ತು ವರುಷಗಳ ತರುವಾಯ, ೧೮೯೧ರಲ್ಲಿ, ದಿವಾನ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಚುನಾವಣೆಯ ಪದ್ಧತಿಯು ಬಂದಿತು. ಬಂದರೂ ಓಟಿನ ಹಕ್ಕು ಭೂಕಂದಾಯವನ್ನಾಗಲಿ ಮೊಹತರ್ಫ ತೆರಿಗೆಯನ್ನಾಗಲಿ ಗೊತ್ತುಪಡಿಸಿದಷ್ಟು ಸಲ್ಲಿಸುವವರಿಗೂ, ಪದವೀಧರರಾದ ಕೆಲವರಿಗೂ ಮಾತ್ರ ಮೀಸಲಾಯಿತು. ಎಂದರೆ ಆ ಕಾಲದಲ್ಲಿ ಮತವು ಭೂಮಿಯ ಬೆನ್ನುಹತ್ತಿ ಬರುವ ವಸ್ತುವಾಗಿತ್ತು. ಹೊಲದ ಪಟ್ಟವು ಯಾರ ಹೆಸರಿನಲ್ಲಿದ್ದಿತೋ ಮತವೂ ಅವನದಾಗಿತ್ತು. ಅದೇ ಹೊಲವನ್ನು ಉತ್ತು ಬಿತ್ತಿದ ಒಕ್ಕಲು, ಕಳೆ ಕಿತ್ತ ಹೆಣ್ಣಾಳು, ಹಂತಿ ಹೊಡೆದ ಜೀತದವನು, ಇವರೆಲ್ಲರೂ ಮತಪಟ್ಟಿಯ ಹೊರಗೇ ಉಳಿದರು. ಕಂದಾಯದ ಹಣವು ಅವರ ಬೆವರಿನಿಂದಲೇ ಹುಟ್ಟಿದ್ದರೂ ರಸೀತಿಯಲ್ಲಿ ಅವರ ಹೆಸರು ಇರಲಿಲ್ಲ.

ಮುಂಬಯಿ ಮತ್ತು ಮದರಾಸು ಇಲಾಖೆಗಳಿಗೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿಯೂ ಇದೇ ನ್ಯಾಯವು ನಡೆದಿತ್ತು. ೧೯೧೯ರ ಕಾಯಿದೆಯ ಮೇರೆಗೆ ೧೯೨೦ರಲ್ಲಿ ಪ್ರಾಂತೀಯ ಶಾಸನಸಭೆಗಳಿಗೆ ಚುನಾವಣೆಗಳು ನಡೆದಾಗ, ಕಂದಾಯ, ಮನೆಯ ಬಾಡಿಗೆ, ಆದಾಯ ತೆರಿಗೆ ಮೊದಲಾದವುಗಳೇ ಓಟಿನ ಅರ್ಹತೆಯ ಅಳತೆಗೋಲಾಗಿದ್ದವು. ಸ್ತ್ರೀಯರಿಗೆ ಮದರಾಸಿನಲ್ಲಿಯೂ ಮುಂಬಯಿಯಲ್ಲಿಯೂ ೧೯೨೧ರಲ್ಲಿ ಹಕ್ಕು ದೊರೆಯಿತು. ಮೈಸೂರಿನಲ್ಲಿ ೧೯೨೩ರ ಸುಧಾರಣೆಗಳೊಂದಿಗೆ ದೊರೆಯಿತು. ಆದರೆ ಆಸ್ತಿಯ ಅರ್ಹತೆಯು ಹಾಗೆಯೇ ಉಳಿದಿದ್ದ ಕಾರಣ, ತನ್ನ ಹೆಸರಿನಲ್ಲಿ ಆಸ್ತಿಯಿಲ್ಲದ ಸಾಮಾನ್ಯ ಗೃಹಿಣಿಗೆ ಆ ಹಕ್ಕು ಕನ್ನಡಿಯೊಳಗಣ ಗಂಟಾಯಿತು. ೧೯೩೫ರ ಕಾಯಿದೆಯು ಅರ್ಹತೆಯನ್ನು ಇಳಿಸಿದ ಬಳಿಕವೂ ಬ್ರಿಟಿಷ್ ಇಂಡಿಯಾದಲ್ಲಿ ಮತದಾರರಾದವರು ಸುಮಾರು ೩ ಕೋಟಿ ಮಂದಿ. ಜನಸಂಖ್ಯೆಯಲ್ಲಿ ನೂರಕ್ಕೆ ಹದಿನಾಲ್ಕರಷ್ಟು ಮಾತ್ರ.

ಇಂತು ಕೆಲವರ ಕೈಯಲ್ಲಿಯೇ ಇದ್ದ ಮತವು ಯಾವ ಕಡೆಗೆ ವಾಲಿತು, ಏತಕ್ಕೆ ವಾಲಿತು ಎಂಬುದನ್ನು ನೋಡಿದರೆ ವಿದ್ಯೆ ಮತ್ತು ಉದ್ಯೋಗಗಳ ಪ್ರಭಾವವು ಸ್ಪಷ್ಟವಾಗಿ ಕಾಣುವುದು. ಸರಕಾರದ ಕಚೇರಿಗಳಲ್ಲಿ ಒಂದೇ ವರ್ಗದವರು ತುಂಬಿಕೊಂಡಿದ್ದ ಕಾಲವದು. ಭೂಮಿ ವ್ಯಾಪಾರಗಳಲ್ಲಿ ಮುಂದಿದ್ದ ಲಿಂಗಾಯತರಿಗೂ ಒಕ್ಕಲಿಗರಿಗೂ ಅಮಲ್ದಾರನ ಕುರ್ಚಿಯು ದೂರವಾಗಿತ್ತು. ಸಣ್ಣ ಕಸಬುಗಳ ಜನಕ್ಕೂ ಅಸ್ಪೃಶ್ಯರೆನಿಸಿಕೊಂಡವರಿಗೂ ಶಾಲೆಯ ಮೆಟ್ಟಿಲೇ ದೂರವಾಗಿತ್ತು. ಹಾನಗಲ್ಲ ಕುಮಾರ ಶಿವಯೋಗಿಗಳ ಪ್ರೇರಣೆಯಿಂದ ೧೯೦೪ರಲ್ಲಿ ವೀರಶೈವ ಮಹಾಸಭೆಯು ಧಾರವಾಡದಲ್ಲಿ ಹುಟ್ಟಿತು. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯು ಸ್ಥಾಪಿತವಾಯಿತು. ಮಠಗಳಲ್ಲಿ ಪ್ರಸಾದನಿಲಯಗಳು ತೆರೆದವು. ಮೈಸೂರಿನಲ್ಲಿ ೧೯೧೭ರಲ್ಲಿ ಪ್ರಜಾಮಿತ್ರ ಮಂಡಳಿಯು ಏರ್ಪಟ್ಟಿತು. ೧೯೧೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ೧೯೧೯ರಲ್ಲಿ ಬಂದ ಅದರ ವರದಿಯು ಹಿಂದುಳಿದ ವರ್ಗಗಳಿಗೆ ಸರಕಾರಿ ಕೆಲಸಗಳಲ್ಲಿ ಪಾಲು ದೊರೆಯಬೇಕೆಂದು ಹೇಳಿತು. ೧೯೨೦ರಲ್ಲಿ ಹುಬ್ಬಳ್ಳಿಯಲ್ಲಿ ಕೂಡಿದ ಬ್ರಾಹ್ಮಣೇತರರ ಪರಿಷತ್ತಿಗೆ ಕೊಲ್ಲಾಪುರದ ಶಾಹು ಮಹಾರಾಜರು ಬಂದಿದ್ದರು. ಹೀಗೆ ಶಾಲೆಯ ಸೀಟು, ಸರಕಾರದ ನೌಕರಿ ಎಂಬ ಎರಡು ಬಯಕೆಗಳು ಓಟಿನ ಜೊತೆಗೆ ಗಂಟುಬಿದ್ದವು.

ಕುಲದ ಹೆಸರಿನಲ್ಲಿ ಕೂಡಿದ ಈ ಸಂಘಟನೆಗಳನ್ನು ಕೇವಲ ಕುಲಾಭಿಮಾನವೆಂದು ತಳ್ಳಿಹಾಕಲಾಗದು. ಕುಲವು ಹೆಸರಾಗಿತ್ತು, ಕೊರತೆಯು ವಿದ್ಯೆಯದೂ ಉದ್ಯೋಗದ್ದೂ ಆಗಿತ್ತು. ಆ ಕೊರತೆಯ ಸ್ವರೂಪವು ಬದಲಾದೊಡನೆ ಮತದ ದಿಕ್ಕೂ ಬದಲಾದುದನ್ನು ಇತಿಹಾಸವು ತೋರಿಸುತ್ತದೆ. ಅದೆಂತೆಂದರೆ, ೧೯೨೯ರ ಬಳಿಕ ಲೋಕದಲ್ಲೆಲ್ಲಾ ಧಾರಣೆಗಳು ಕುಸಿದವು. ಹತ್ತಿ ಬೆಳೆದವನಿಗೂ ರಾಗಿ ಬೆಳೆದವನಿಗೂ ಬೆಳೆಯ ಹಣವು ಕಂದಾಯಕ್ಕೇ ಸಾಲದಂತಾಯಿತು. ಕಚೇರಿಯ ಕೆಲಸಕ್ಕಾಗಿ ಅರ್ಜಿ ಹಿಡಿದು ನಿಂತಿದ್ದ ಗ್ರಾಮದ ಮುಖಂಡರು, ಕಂದಾಯದ ಹೊರೆಯನ್ನು ಇಳಿಸಬಲ್ಲ ರಾಜ್ಯಾಡಳಿತವನ್ನೇ ಬಯಸತೊಡಗಿದರು. ಮೈಸೂರಿನ ಪ್ರಜಾಮಿತ್ರ ಮಂಡಳಿಯೂ ಪ್ರಜಾಪಕ್ಷವೂ ೧೯೩೪ರಲ್ಲಿ ಒಂದಾಗಿ, ಕೆಲವೇ ವರುಷಗಳಲ್ಲಿ ಕಾಂಗ್ರೆಸ್ಸಿನಲ್ಲಿ ವಿಲೀನವಾದವು. ೧೯೩೮ರ ಏಪ್ರಿಲಿನಲ್ಲಿ ಶಿವಪುರದ ಧ್ವಜಸತ್ಯಾಗ್ರಹಕ್ಕೆ ಹಳ್ಳಿಹಳ್ಳಿಗಳಿಂದ ಜನರು ಹರಿದುಬಂದುದಕ್ಕೆ ದೇಶಭಕ್ತಿಯಷ್ಟೇ ಹೊಲಗದ್ದೆಗಳ ಕಷ್ಟವೂ ಕಾರಣವಾಗಿತ್ತು.

ಆಸ್ತಿಯಿಲ್ಲದವನಿಗೆ ಮತವೇಕೆ, ಅಕ್ಷರವಿಲ್ಲದವನಿಗೆ ಮತವೇಕೆ ಎಂಬ ವಾದವು ಆಗ ಬಲವಾಗಿತ್ತು. ಇದಕ್ಕೆ ಎದುರಾಗಿ ಡಾ. ಅಂಬೇಡ್ಕರ್ ಅವರು ೧೯೧೯ರಲ್ಲಿ ಸೌತ್‌ಬರೋ ಸಮಿತಿಯ ಮುಂದೆಯೂ, ೧೯೨೮ರಲ್ಲಿ ಸೈಮನ್ ಆಯೋಗದ ಮುಂದೆಯೂ ಸಾಕ್ಷ್ಯ ನುಡಿದರು. ಯಾರಿಗೆ ಆಸ್ತಿಯಿಲ್ಲವೋ, ಯಾರಿಗೆ ಶಾಲೆಯ ಬಾಗಿಲು ಮುಚ್ಚಿದೆಯೋ, ಅವರಿಗೇ ಮತದ ಅಗತ್ಯವು ಹೆಚ್ಚು ಎಂಬುದು ಅವರ ವಾದದ ತಿರುಳಾಗಿತ್ತು. ೧೯೩೨ರ ಪುಣೆ ಒಪ್ಪಂದದಿಂದ ಪ್ರಾಂತೀಯ ಶಾಸನಸಭೆಗಳಲ್ಲಿ ೧೪೮ ಸ್ಥಾನಗಳು ಅಸ್ಪೃಶ್ಯರೆನಿಸಿಕೊಂಡಿದ್ದ ಜನರಿಗೆ ಮೀಸಲಾದವು. ಕಡೆಗೆ ಭಾರತದ ಸಂವಿಧಾನದ ೩೨೬ನೆಯ ಅನುಚ್ಛೇದವು ಪ್ರಾಯಕ್ಕೆ ಬಂದ ಪ್ರತಿಯೊಬ್ಬರಿಗೂ ಮತದ ಹಕ್ಕನ್ನು ಕೊಟ್ಟಿತು. ಆಗ ಗೊತ್ತುಮಾಡಿದ ಪ್ರಾಯವು ೨೧ ವರುಷ. ೧೯೮೮ರ ತಿದ್ದುಪಡಿಯಿಂದ ಅದು ೧೮ಕ್ಕೆ ಇಳಿಯಿತು.

ಮೊದಲನೆಯ ಮಹಾ ಚುನಾವಣೆಯು ೧೯೫೧ರ ಅಕ್ಟೋಬರಿನಲ್ಲಿ ಮೊದಲಾಗಿ ೧೯೫೨ರ ಫೆಬ್ರುವರಿಯವರೆಗೆ ನಡೆಯಿತು. ಮತಪಟ್ಟಿಯಲ್ಲಿದ್ದವರು ೧೭ ಕೋಟಿಗೂ ಮಿಕ್ಕ ಮಂದಿ. ಅಕ್ಷರ ಬಲ್ಲವರು ದೇಶದಲ್ಲಿ ನೂರಕ್ಕೆ ೧೮ರಷ್ಟೇ ಇದ್ದುದರಿಂದ, ಪ್ರತಿಯೊಬ್ಬ ಉಮೇದುವಾರನಿಗೂ ಒಂದು ಚಿಹ್ನೆಯನ್ನೂ ಒಂದು ಪ್ರತ್ಯೇಕ ಪೆಟ್ಟಿಗೆಯನ್ನೂ ಗೊತ್ತುಮಾಡಲಾಯಿತು. ಕಾಂಗ್ರೆಸ್ಸಿನ ಚಿಹ್ನೆಯು ಜೋಡೆತ್ತು. ಎತ್ತು ಕಟ್ಟಿ ಉಳುವವನ ಕಣ್ಣಿಗೆ ಅದಕ್ಕಿಂತ ಹತ್ತಿರದ ಚಿತ್ರವು ಬೇರೊಂದಿರಲಾರದು. ಮತಪಟ್ಟಿಯನ್ನು ಬರೆಯುವಾಗ ದೇಶದ ಕೆಲವು ಭಾಗಗಳಲ್ಲಿ, ವಿಶೇಷವಾಗಿ ಉತ್ತರದ ಪ್ರಾಂತಗಳಲ್ಲಿ, ಅನೇಕ ಸ್ತ್ರೀಯರು ತಮ್ಮ ಹೆಸರನ್ನು ಹೇಳಲೊಲ್ಲದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಯಿಸಿದರು. ಅಂಥ ಸುಮಾರು ೨೮ ಲಕ್ಷ ನಮೂದುಗಳನ್ನು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಅವರು ತೆಗೆದುಹಾಕಿಸಬೇಕಾಯಿತು. ಹೆಸರೇ ತನ್ನದಲ್ಲದವಳಿಗೆ ಮತವು ತನ್ನದಾಗುವುದೆಂತು? ಸ್ವತ್ವವೆಂಬುದು ಹೆಸರಿನಿಂದಲೇ ಆರಂಭವಾಗುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವು ಬೇಡ.

ಕನ್ನಡ ನಾಡಿನಲ್ಲಿ ಆ ಚುನಾವಣೆಯ ಹೊತ್ತಿಗೆ ಒಂದು ಘಟನೆಯು ನಡೆದಿತ್ತು. ಸಾಗರ ತಾಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗವು ನ್ಯಾಯದ ಅಳತೆಯದಾಗಿರಬೇಕೆಂಬುದು ಅವರ ಬೇಡಿಕೆಗಳಲ್ಲೊಂದು. ಡಾ. ರಾಮಮನೋಹರ ಲೋಹಿಯಾ ಅವರೂ ಅಲ್ಲಿಗೆ ಬಂದರು. ಮರುವರುಷದ ಚುನಾವಣೆಯಲ್ಲಿ ನಾಡೆಲ್ಲವೂ ಜೋಡೆತ್ತಿಗೆ ಓಟು ಹಾಕುತ್ತಿದ್ದಾಗ, ಮೈಸೂರು ವಿಧಾನಸಭೆಯ ೯೯ ಸ್ಥಾನಗಳಲ್ಲಿ ೭೪ನ್ನು ಕಾಂಗ್ರೆಸ್ಸು ಗೆದ್ದಾಗ, ಸಾಗರ-ಹೊಸನಗರದ ಮತದಾರರು ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರನ್ನು ಆರಿಸಿದರು. ಕೊಳಗದ ಅಳತೆಯು ಓಟಿನ ಲೆಕ್ಕವನ್ನು ತಿರುಗಿಸಿದ ಮೊದಲ ಪ್ರಸಂಗಗಳಲ್ಲಿ ಇದೊಂದು.

ಆದರೆ ಎಲ್ಲಾ ಊರುಗಳೂ ಕಾಗೋಡಾಗಿರಲಿಲ್ಲ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ ಅವರು ೧೯೪೮ರಲ್ಲಿ ಹಳೆಯ ಮೈಸೂರಿನ ಹಳ್ಳಿಯೊಂದರಲ್ಲಿ ವಾಸವಾಗಿದ್ದು ಅದರ ರೀತಿನೀತಿಗಳನ್ನು ಕಂಡು, 'ರಾಂಪುರ' ಎಂಬ ಕಲ್ಪಿತ ನಾಮದಿಂದ ಅದನ್ನು ವರ್ಣಿಸಿದರು. ಊರಿನ ಹೆಚ್ಚು ಭೂಮಿ, ಹೆಚ್ಚು ಜನಬಲ, ಅಧಿಕಾರದ ಒಡನಾಟ, ಇವೆಲ್ಲವನ್ನೂ ಉಳ್ಳ ಕುಲವನ್ನು ಅವರು 'ಪ್ರಬಲ ಜಾತಿ' ಎಂದು ಕರೆದರು. ಊರ ಹಿರಿಯನ ಹಿಂದೆ ಒಟ್ಟಾಗಿ ಹೋಗುವ ಮತಗಳ ಗುಂಪಿಗೆ 'ಮತಬ್ಯಾಂಕು' ಎಂಬ ಹೆಸರು ರೂಢಿಗೆ ಬಂದುದೂ ಅವರ ಬರಹದಿಂದಲೇ. ಈ ಕಟ್ಟು ಹೇಗೆ ನಡೆಯುತ್ತಿತ್ತೆಂಬುದು ಹಳ್ಳಿಯ ಹಿರಿಯರಿಗೆ ತಿಳಿಯದ ಮಾತಲ್ಲ. ಮುಂದಿನ ವರುಷ ಹೊಲವು ಲಾವಣಿಗೆ ದೊರೆಯಬೇಕು. ಮಗಳ ಮದುವೆಗೆ ಸಾಲ ದೊರೆಯಬೇಕು. ಬಿತ್ತನೆಯ ಬೀಜ ದೊರೆಯಬೇಕು. ಸಾಹುಕಾರನ ಬಾವಿಯ ನೀರು ಒಂದು ಸರದಿ ಹರಿಯಬೇಕು. ಜಗಳ ಬಂದಾಗ ಚಾವಡಿಯಲ್ಲಿ ಒಂದು ಮಾತು ಆಡುವವರು ಬೇಕು. ಇಷ್ಟೆಲ್ಲವೂ ಒಬ್ಬನ ಕೈಯಲ್ಲಿದ್ದಾಗ, ಓಟಿನ ದಿನ ಅವನು ಬಾಯಿಬಿಟ್ಟು ಹೇಳುವ ಅಗತ್ಯವೂ ಇರಲಿಲ್ಲ. ಅವನ ಬಂಡಿಯಲ್ಲಿ ಕುಳಿತು ಬಂದವನು ಅವನ ಪೆಟ್ಟಿಗೆಗೇ ಓಟು ಹಾಕಿ ಹೋಗುವನು. ಇದರಲ್ಲಿ ಭಯವೊಂದೇ ಇದ್ದಿತೆಂದೂ ಹೇಳಲಾಗದು. ಕಷ್ಟಕಾಲದಲ್ಲಿ ಕಾಳು ಕೊಟ್ಟವನ ಮಾತನ್ನು ಮೀರಬಾರದೆಂಬ ಉಪಕಾರಸ್ಮರಣೆಯೂ ಇದ್ದಿತು. ಆದರೆ ಋಣದಿಂದ ಕೊಟ್ಟುದು ಋಣದ ತೀರಿಕೆಯಾದೀತೇ ಹೊರತು ದಾನವಾಗಲಾರದು.

ಈ ಕಟ್ಟನ್ನು ಸಡಿಲಿಸಿದ ಮೊದಲ ಸಾಧನವು ಗುಟ್ಟಿನ ಓಟು. ೧೯೬೨ರ ಚುನಾವಣೆಯಿಂದ ಒಂದೇ ಮತಪತ್ರದ ಮೇಲೆ ಗುರುತು ಒತ್ತಿ ಒಂದೇ ಪೆಟ್ಟಿಗೆಯಲ್ಲಿ ಹಾಕುವ ಕ್ರಮವು ಬಂದಿತು. ಮೈಸೂರಿನ ಸರಕಾರಿ ಬಣ್ಣದ ಕಾರ್ಖಾನೆಯಲ್ಲಿ ತಯಾರಾದ ಅಳಿಸಲಾಗದ ಶಾಯಿಯು ಮತದಾರರ ಬೆರಳಿಗೆ ಬಂದುದೂ ಅದೇ ಚುನಾವಣೆಯಲ್ಲಿ. ೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದುಗೂಡಿದ ಮೇಲೆ ೧೯೭೧ರವರೆಗೆ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪ, ಬಿ. ಡಿ. ಜತ್ತಿ, ಎಸ್. ಆರ್. ಕಂಠಿ, ವೀರೇಂದ್ರ ಪಾಟೀಲ ಈ ನಾಲ್ವರೂ ಲಿಂಗಾಯತ ಸಮಾಜದವರು. ಹೀಗಿದ್ದೂ, ನಾಡನ್ನು ಒಂದುಗೂಡಿಸಿದ ಕೀರ್ತಿಯುಳ್ಳ ನಿಜಲಿಂಗಪ್ಪನವರೇ ೧೯೬೨ರಲ್ಲಿ ಹೊಸದುರ್ಗದಲ್ಲಿ ಸೋತರು. ಕುಲಬಲವೂ ಕೀರ್ತಿಬಲವೂ ಕೂಡಿದ್ದರೂ ಮತವು ಕೈಮೀರಬಹುದೆಂಬ ಸಂಗತಿಯು ಆಗಲೇ ತಿಳಿದುಬಂದಿತು.

ಎರಡನೆಯ ಸಾಧನವು ಭೂಸುಧಾರಣೆ. ಡಿ. ದೇವರಾಜ ಅರಸು ಅವರು ೧೯೭೨ರಲ್ಲಿ ಮುಖ್ಯಮಂತ್ರಿಗಳಾದರು. ಅದುವರೆಗೆ ಅಧಿಕಾರದ ಹತ್ತಿರ ಬಾರದಿದ್ದ ಸಣ್ಣ ಕುಲಗಳವರನ್ನು ಉಮೇದುವಾರರನ್ನಾಗಿ ನಿಲ್ಲಿಸಿ ಗೆಲ್ಲಿಸಿದುದು ಅವರ ವಿಶೇಷ. ಹಿಂದುಳಿದ ವರ್ಗಗಳ ವಿಚಾರವಾಗಿ ಎಲ್. ಜಿ. ಹಾವನೂರ ಅವರ ಆಯೋಗವನ್ನು ಅದೇ ವರುಷ ನೇಮಿಸಿದರು. ೧೯೭೫ರಲ್ಲಿ ಅದರ ವರದಿಯು ಬಂದಿತು. ೧೯೬೧ರ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿಯು ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದು, ಗೇಣಿಯ ಮೇಲಿದ್ದ ಭೂಮಿಯೆಲ್ಲವೂ ಸರಕಾರದ ವಶವಾಯಿತು. ಉಳುವವನು ಭೂನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಅದನ್ನು ಪಡೆಯಬಹುದೆಂದಾಯಿತು. ಎಂಟು ಲಕ್ಷಕ್ಕೂ ಮಿಕ್ಕು ಅರ್ಜಿಗಳು ಬಂದವು. ನಾಲ್ಕು ಲಕ್ಷಕ್ಕೂ ಮೇಲ್ಪಟ್ಟ ಒಕ್ಕಲುಗಳಿಗೆ ಭೂಮಿಯ ಹಕ್ಕು ಸಿದ್ಧಿಸಿತು. ಕರಾವಳಿ ಮಲೆನಾಡುಗಳಲ್ಲಿ ಇದರ ಪರಿಣಾಮವು ವಿಶೇಷವಾಗಿ ಕಂಡಿತು. ಮಠಮಾನ್ಯಗಳ ಭೂಮಿಯೂ ಇದಕ್ಕೆ ಹೊರತಾಗಲಿಲ್ಲ. ತಲೆತಲಾಂತರದಿಂದ ಮಠಕ್ಕೆ ಕಾಳು ಅಳೆದು ಕೊಡುತ್ತಿದ್ದ ಒಕ್ಕಲು ಪಹಣಿಯಲ್ಲಿ ತನ್ನ ಹೆಸರನ್ನು ಕಂಡನು. ಅಂಥ ಮಠಗಳಲ್ಲಿ ದಾಸೋಹವು ಬಡವಾಯಿತೆಂದು ನೊಂದವರುಂಟು. ಆದರೆ ಕಾಯಕವೇ ಹಿರಿದೆಂದು ಸಾರಿದ ಶರಣಧರ್ಮದ ನಾಡಿನಲ್ಲಿ, ಕಾಯಕ ಮಾಡಿದವನಿಗೆ ನೆಲವು ದೊರೆತುದನ್ನು ಅಧರ್ಮವೆನ್ನಲು ಯಾರಿಗೂ ಬಾಯಿ ಬಾರದು.

ಇದರ ಫಲವು ಮತಪೆಟ್ಟಿಗೆಯಲ್ಲಿ ಕಾಣಿಸಿತು. ೧೯೭೭ರಲ್ಲಿ ಉತ್ತರ ಭಾರತವೆಲ್ಲವೂ ಕಾಂಗ್ರೆಸ್ಸನ್ನು ತಿರಸ್ಕರಿಸಿದಾಗ, ಕರ್ನಾಟಕದ ೨೮ ಲೋಕಸಭಾ ಸ್ಥಾನಗಳಲ್ಲಿ ೨೬ನ್ನು ಆ ಪಕ್ಷವೇ ಗೆದ್ದಿತು. ೧೯೭೮ರ ವಿಧಾನಸಭಾ ಚುನಾವಣೆಯಲ್ಲಿ ೨೨೪ರಲ್ಲಿ ೧೪೯ ಸ್ಥಾನಗಳು ಅರಸು ಅವರ ಪಕ್ಷಕ್ಕೆ ಬಂದವು. ಆದರೆ ಇದರಿಂದ ಮತದಾರನು ಒಬ್ಬ ಒಡೆಯನನ್ನು ಬಿಟ್ಟು ಇನ್ನೊಬ್ಬ ಒಡೆಯನನ್ನು ಹಿಡಿದನೆಂದು ತಿಳಿಯಬಾರದು. ಅರಸು ಅವರು ೧೯೭೯ರಲ್ಲಿ ಇಂದಿರಾ ಗಾಂಧಿಯವರಿಂದ ಬೇರೆಯಾಗಿ ನಿಂತರು. ೧೯೮೦ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ಸಿಗೆ ೨೭ ಸ್ಥಾನಗಳು ಬಂದವು. ಅರಸು ಅವರ ಪಕ್ಷಕ್ಕೆ ಒಂದೂ ಬರಲಿಲ್ಲ. ಭೂಮಿಯನ್ನು ಪಡೆದವನು ಭೂಮಿಯ ಜೊತೆಗೆ ತನ್ನ ಮತವನ್ನೂ ಬಿಡಿಸಿಕೊಂಡಿದ್ದನು. ಅದನ್ನು ಯಾರಿಗೂ ಮರಳಿ ಅಡವಿಡಲು ಒಪ್ಪಲಿಲ್ಲ.

ಭೂಮಿ ದೊರೆತವನಿಗೆ ಮುಂದೆ ನೀರಿನ, ಗೊಬ್ಬರದ, ಧಾರಣೆಯ ಚಿಂತೆ ಹತ್ತಿತು. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ ಅಭಿವೃದ್ಧಿ ಕರವನ್ನು ವಿರೋಧಿಸಿ ೧೯೮೦ರ ಜುಲೈಯಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರು ಎದ್ದರು, ಗೋಲೀಬಾರುಗಳಾಗಿ ಪ್ರಾಣಹಾನಿಯಾಯಿತು. ನಾಡಿನಲ್ಲೆಲ್ಲಾ ರೈತ ಚಳವಳಿಯು ಹಬ್ಬಿತು. ೧೯೮೨ರಲ್ಲಿ ಗೋಕಾಕ ಚಳವಳಿಯೂ ಕೂಡಿಕೊಂಡಿತು. ೧೯೮೩ರ ಜನವರಿಯಲ್ಲಿ, ರಾಜ್ಯವು ಒಂದುಗೂಡಿದ ಬಳಿಕ ಮೊದಲ ಬಾರಿಗೆ, ಕಾಂಗ್ರೆಸ್ಸು ಅಧಿಕಾರವನ್ನು ಕಳೆದುಕೊಂಡಿತು. ಜನತಾ ಪಕ್ಷಕ್ಕೆ ೯೫, ಕಾಂಗ್ರೆಸ್ಸಿಗೆ ೮೨ ಸ್ಥಾನಗಳು. ಇದಕ್ಕಿಂತಲೂ ವಿಚಾರಕ್ಕೆ ಯೋಗ್ಯವಾದುದು ಅದರ ಮುಂದಿನ ಸಂಗತಿ. ೧೯೮೪ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ ೨೮ರಲ್ಲಿ ೨೪ ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟ ಜನರೇ, ೧೯೮೫ರ ಮಾರ್ಚಿಯಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ೧೩೯ ವಿಧಾನಸಭಾ ಸ್ಥಾನಗಳನ್ನು ಕೊಟ್ಟರು. ನಡುವೆ ಕಳೆದುದು ಎರಡು ಮೂರು ತಿಂಗಳು. ಕುಲ ಬದಲಾಗಿರಲಿಲ್ಲ, ಹೊಲ ಬದಲಾಗಿರಲಿಲ್ಲ. ದಿಲ್ಲಿಗೆ ಯಾರು, ಬೆಂಗಳೂರಿಗೆ ಯಾರು ಎಂದು ವಿಂಗಡಿಸಿ ನೋಡುವ ವಿವೇಕವು ಮತದಾರನಲ್ಲಿ ಬೆಳೆದಿತ್ತು. 'ಮನ್' ಧಾತುವಿನ ಅರ್ಥವು ಇಲ್ಲಿ ಸಾರ್ಥಕವಾಯಿತೆನ್ನಬಹುದು.

ಹಾಗೆಂದು ಕುಲದ ಅಭಿಮಾನವು ಅಳಿಯಿತೆಂದು ಹೇಳುವಂತಿಲ್ಲ. ೧೯೮೯ರಲ್ಲಿ ವೀರೇಂದ್ರ ಪಾಟೀಲರ ನೇತೃತ್ವದಲ್ಲಿ ಕಾಂಗ್ರೆಸ್ಸು ೧೭೮ ಸ್ಥಾನಗಳನ್ನು ಗೆದ್ದಿತು. ಅಸ್ವಸ್ಥರಾಗಿದ್ದ ಅವರನ್ನು ೧೯೯೦ರ ಅಕ್ಟೋಬರಿನಲ್ಲಿ ಪದವಿಯಿಂದ ಇಳಿಸಿದ ರೀತಿಯು ಲಿಂಗಾಯತ ಸಮಾಜದ ಅನೇಕರ ಮನಸ್ಸನ್ನು ನೋಯಿಸಿತು. ೧೯೯೪ರಲ್ಲಿ ಅದೇ ಪಕ್ಷವು ೩೪ ಸ್ಥಾನಗಳಿಗೆ ಇಳಿಯಿತು. ಇಷ್ಟು ದೊಡ್ಡ ಇಳಿತಕ್ಕೆ ಅದೊಂದೇ ಕಾರಣವಾಗಿರಲಿಲ್ಲವಾದರೂ, ಮಾನಭಂಗದ ನೆನಪು ಅನ್ನದ ಚಿಂತೆಯಷ್ಟೇ ಬಲವಾಗಿ ಮತವನ್ನು ತಿರುಗಿಸಬಲ್ಲುದೆಂಬುದು ಆಗ ಗೋಚರವಾಯಿತು. ಮರ್ಯಾದೆಯೂ ಒಂದು ಬಗೆಯ ಸಂಪತ್ತೇ ಅಲ್ಲವೇ?

ಆದರೆ ಒಂದು ಸಮಾಜದ ಮತವೆಲ್ಲವೂ ಒಂದೇ ಗಂಟೆಂದು ಲೆಕ್ಕಹಾಕಿದವರು ಮತ್ತೆ ಮತ್ತೆ ಮೋಸಹೋಗಿದ್ದಾರೆ. ೨೦೦೮ರಲ್ಲಿ ಬಿ. ಎಸ್. ಯಡಿಯೂರಪ್ಪನವರ ನೇತೃತ್ವದಲ್ಲಿ ೧೧೦ ಸ್ಥಾನಗಳನ್ನು ಪಡೆದ ಭಾರತೀಯ ಜನತಾ ಪಕ್ಷವು, ಅವರು ಹೊರಬಂದು ಬೇರೆ ಪಕ್ಷ ಕಟ್ಟಿದ ಮೇಲೆ ೨೦೧೩ರಲ್ಲಿ ೪೦ಕ್ಕೆ ಇಳಿಯಿತು. ಅವರ ಹೊಸ ಪಕ್ಷಕ್ಕೂ ೬ ಸ್ಥಾನಗಳೇ ಬಂದವು. ಸಮಾಜವೆಂಬುದರೊಳಗೇ ನೂರೆಕರೆಯ ದೇಸಾಯಿಯೂ ಇದ್ದಾನೆ, ಎರಡೆಕರೆಯ ಒಣಬೇಸಾಯದ ರೈತನೂ ಇದ್ದಾನೆ. ಅಡತಿಯ ಅಂಗಡಿಯವನೂ ಇದ್ದಾನೆ, ಅದೇ ಅಡತಿಯಲ್ಲಿ ಮೂಟೆ ಹೊರುವವನೂ ಇದ್ದಾನೆ. ಗಾಣಿಗ, ಕುಂಬಾರ, ಹಡಪದ, ಮಡಿವಾಳ ಮೊದಲಾದ ಕಾಯಕಜೀವಿಗಳೂ ಇದ್ದಾರೆ. ಹಣೆಯ ವಿಭೂತಿಯು ಒಂದೇ ಆಗಿದ್ದರೂ ಮನೆಯ ಕಣಜವು ಒಂದೇ ಆಗಿಲ್ಲ. ಇವರೆಲ್ಲರ ಮತವೂ ಒಂದೇ ಕಡೆಗೆ ಬೀಳಲೆಂದು ಬಯಸುವವನು, ಇವರೆಲ್ಲರ ಕಷ್ಟವೂ ಒಂದೇ ಎಂದು ತೋರಿಸಬೇಕಾಗುತ್ತದೆ.

ಸ್ತ್ರೀಯರ ಮತದ ವಿಚಾರವೂ ಇಲ್ಲಿ ಸ್ಮರಣೀಯ. ೧೯೬೨ರಲ್ಲಿ ದೇಶದ ಲೋಕಸಭಾ ಚುನಾವಣೆಯಲ್ಲಿ ಪುರುಷರಿಗೂ ಸ್ತ್ರೀಯರಿಗೂ ಮತದಾನದ ಪ್ರಮಾಣದಲ್ಲಿ ನೂರಕ್ಕೆ ಹದಿನಾರರಷ್ಟು ಅಂತರವಿದ್ದಿತು. ೨೦೧೯ರ ಹೊತ್ತಿಗೆ ಅದು ಅಳಿದು ಇಬ್ಬರೂ ಸರಿಸಮರಾದರು. ಕರ್ನಾಟಕದಲ್ಲಿ ೧೯೮೩ರ ಕಾಯಿದೆಯ ಮೇರೆಗೆ ೧೯೮೭ರಲ್ಲಿ ನಡೆದ ಪಂಚಾಯತಿ ಚುನಾವಣೆಗಳಲ್ಲಿ ನಾಲ್ಕರಲ್ಲೊಂದು ಪಾಲು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿದ್ದವು. ಅಬ್ದುಲ್ ನಜೀರ್‌ಸಾಬ್ ಅವರ ಹೆಸರು ಆ ಸುಧಾರಣೆಯೊಡನೆ ಬೆಸೆದುಕೊಂಡಿದೆ. ೨೦೧೦ರಿಂದ ಅರ್ಧ ಪಾಲು ಮೀಸಲಾಯಿತು. ಒಂದು ಕಾಲಕ್ಕೆ ಹೆಸರು ಹೇಳಲೊಲ್ಲದಿದ್ದವಳ ಮೊಮ್ಮಗಳು ಪಂಚಾಯತಿಯ ಕಾಗದಪತ್ರಗಳಿಗೆ ಸಹಿ ಹಾಕುವಂತಾಯಿತು. ೨೦೨೩ರ ವಿಧಾನಸಭಾ ಚುನಾವಣೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ, ಬಸ್ಸಿನಲ್ಲಿ ಉಚಿತ ಪ್ರಯಾಣ ಮೊದಲಾದ ವಾಗ್ದಾನಗಳನ್ನು ಮುಂದಿಟ್ಟ ಕಾಂಗ್ರೆಸ್ಸು ೧೩೫ ಸ್ಥಾನಗಳನ್ನು ಗೆದ್ದಿತು. ಇದನ್ನು ಮತದ ಬೆಲೆಯೆಂದು ಹಳಿಯುವವರುಂಟು, ಬಡವರ ಪಾಲೆಂದು ಹೊಗಳುವವರುಂಟು. ಇಲ್ಲಿ ಒಂದು ಭೇದವನ್ನು ಮರೆಯಬಾರದು. ಬಹಿರಂಗವಾಗಿ ಸಾರಿ, ಎಲ್ಲರಿಗೂ ಸಮನಾಗಿ, ಓಟು ಹಾಕಿದವನಿಗೂ ಹಾಕದವನಿಗೂ ಸಲ್ಲುವುದು ರಾಜ್ಯದ ನೀತಿಯೆನಿಸುವುದು. ಅದರ ಗುಣದೋಷಗಳನ್ನು ವಾದಿಸಬಹುದು. ಚುನಾವಣೆಯ ಹಿಂದಿನ ರಾತ್ರಿ ಗುಟ್ಟಾಗಿ ಕೈಗೆ ತುರುಕುವ ನೋಟು ಲಂಚವೆನಿಸುವುದು. ಅದರಲ್ಲಿ ವಾದಕ್ಕೆ ಎಡೆಯಿಲ್ಲ.

ವಿದ್ಯೆ ಧನಗಳು ಹೆಚ್ಚಿದರೆ ಮತದಾನವು ತಾನಾಗಿ ಹೆಚ್ಚುವುದೆಂಬ ನಂಬಿಕೆಯೂ ನಿಲ್ಲುವುದಿಲ್ಲ. ಅದೇ ೨೦೨೩ರ ಚುನಾವಣೆಯಲ್ಲಿ ರಾಜ್ಯದ ಮತದಾನವು ನೂರಕ್ಕೆ ೭೩ಕ್ಕೆ ಮೇಲ್ಪಟ್ಟಿದ್ದರೆ, ವಿದ್ಯಾವಂತರೂ ಧನವಂತರೂ ತುಂಬಿರುವ ಬೆಂಗಳೂರು ನಗರದಲ್ಲಿ ೫೫ರ ಆಸುಪಾಸಿನಲ್ಲಿಯೇ ನಿಂತಿತು. ಇತ್ತ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕೂಲಿಗಾಗಿ ದೂರದ ನಗರಗಳಿಗೆ ಹೋದ ಬಡವನ ಹೆಸರು ಊರ ಪಟ್ಟಿಯಲ್ಲಿರುವುದು. ಮೈಮಾತ್ರ ಕಟ್ಟಡದ ಕೆಲಸದಲ್ಲಿರುವುದು. ಓಟಿಗೆ ಬಂದರೆ ಕೂಲಿ ತಪ್ಪುವುದು, ಬಾರದಿದ್ದರೆ ಮತ ತಪ್ಪುವುದು. ಬಸ್ಸಿನ ಖರ್ಚು ಕೊಟ್ಟು ಕರೆತಂದವನ ಋಣವು ಅವನ ಹೆಗಲೇರುವುದು. ಹಳೆಯ ಬಂಡಿಯ ಕಥೆಯೇ ಹೊಸ ಗಾಲಿಗಳ ಮೇಲೆ ಉರುಳುತ್ತಿದೆ.

ಕಡೆಯದಾಗಿ ಮಠಗಳಿಗೂ ಭಕ್ತರಿಗೂ ನೇರವಾಗಿ ಸಂಬಂಧಿಸಿದ ಮಾತು. ೧೯೫೧ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ೧೨೩ನೆಯ ಪ್ರಕರಣವು ಲಂಚವನ್ನು ಭ್ರಷ್ಟಾಚಾರವೆಂದು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಜಾತಿಯಿಂದ ಹೊರಹಾಕುವೆವೆಂಬ ಬೆದರಿಕೆಯನ್ನೂ, ದೈವದ ಅವಕೃಪೆಗೆ ಗುರಿಯಾಗುವೆಯೆಂದು ಮತದಾರನನ್ನು ನಂಬಿಸುವುದನ್ನೂ ಅದು ಅದೇ ಸಾಲಿನಲ್ಲಿ ಇಟ್ಟಿದೆ. ಧರ್ಮ, ಜಾತಿ, ಭಾಷೆಗಳ ಹೆಸರಿನಲ್ಲಿ ಓಟು ಕೇಳುವುದೂ ಅದರಂತೆ ನಿಷಿದ್ಧವೇ. ೨೦೧೭ರ ಜನವರಿಯಲ್ಲಿ ಸುಪ್ರೀಮ್ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವು ಬಹುಮತದಿಂದ, ಉಮೇದುವಾರನ ಧರ್ಮವಾಗಲಿ ಮತದಾರನ ಧರ್ಮವಾಗಲಿ ಎರಡಕ್ಕೂ ಈ ನಿಷೇಧವು ಸಲ್ಲುವುದೆಂದು ತೀರ್ಪಿತ್ತಿತು. ಧಾರ್ಮಿಕ ಸಂಸ್ಥೆಗಳ ಆವರಣವನ್ನು ರಾಜಕೀಯ ಕಾರ್ಯಕ್ಕೆ ಬಳಸಬಾರದೆಂದು ೧೯೮೮ರಲ್ಲಿ ಬೇರೊಂದು ಕಾಯಿದೆಯೂ ಆಗಿದೆ. ಗುರುವಿನ ಮಾತಿಗೆ ಶಿಷ್ಯನ ಹೃದಯದಲ್ಲಿರುವ ಬಲವು ಸಾಹುಕಾರನ ಸಾಲದ ಪತ್ರಕ್ಕಿಂತ ಮಿಗಿಲಾದುದು. ಆದಕಾರಣವೇ ಆ ಬಲವನ್ನು ಬಳಸುವಲ್ಲಿ ಎಚ್ಚರವೂ ಮಿಗಿಲಾಗಿರಬೇಕು. ಸಾಲದ ಭಯದಿಂದ ಹಾಕಿದ ಓಟು ಹೇಗೆ ದಾನವಲ್ಲವೋ, ಶಾಪದ ಭಯದಿಂದ ಹಾಕಿದ ಓಟೂ ಹಾಗೆಯೇ ದಾನವಲ್ಲ.

ಇದರಿಂದ ಮಠಗಳಿಗೆ ಲೋಕದ ಚಿಂತೆ ಬೇಡವೆಂದು ಅರ್ಥವಲ್ಲ. ನಾಡಿನ ಮತವನ್ನು ಬಿಡುಗಡೆ ಮಾಡಿದ ಸಾಧನಗಳಲ್ಲಿ ಭೂಮಿಯ ಹಕ್ಕಿನ ಜೊತೆಗೆ ವಿದ್ಯೆಯೂ ಒಂದು. ಆ ವಿದ್ಯೆಯನ್ನು ಬಡಮಕ್ಕಳ ಬಾಯಿಗೆ ಅನ್ನದೊಡನೆ ಇಟ್ಟವುಗಳು ಮಠಗಳ ಪ್ರಸಾದನಿಲಯಗಳೇ. ಅಲ್ಲಿ ಉಂಡು ಓದಿದ ಹುಡುಗನು ಸಾಲದ ಪತ್ರವನ್ನು ತಾನೇ ಓದಬಲ್ಲನು, ಪಹಣಿಯನ್ನು ತಾನೇ ನೋಡಬಲ್ಲನು, ಉಮೇದುವಾರನ ಮಾತನ್ನು ತಾನೇ ತೂಗಬಲ್ಲನು. ಇಂಥವರಿಗೆ ಓಟು ಹಾಕೆಂದು ಅವನಿಗೆ ಹೇಳುವುದಕ್ಕಿಂತ, ಹೇಳುವ ಅಗತ್ಯವೇ ಇಲ್ಲದಂತೆ ಅವನನ್ನು ಬೆಳೆಸುವುದೇ ಗುರುಮಠಕ್ಕೆ ಒಪ್ಪುವ ಕೆಲಸವು. ನೂರ ನಲವತ್ತು ವರುಷಗಳ ಹಿಂದೆ ಭೂಮಿಯಿದ್ದವನಿಗಷ್ಟೇ ಇದ್ದ ಮತವು ಇಂದು ಎಲ್ಲರ ಬೆರಳ ತುದಿಗೆ ಬಂದಿದೆ. ಬೆರಳು ತನ್ನದಾಗಿರುವಂತೆ ಅದನ್ನು ಆಡಿಸುವ ಮತಿಯೂ ತನ್ನದೇ ಆದಾಗ, ಕೊಟ್ಟವನಿಗೆ ಫಲವನ್ನೂ ಪಡೆದವನಿಗೆ ಹೊಣೆಯನ್ನೂ ತರುವ ದಾನವೆಂಬ ಹೆಸರು ಅದಕ್ಕೆ ಸಲ್ಲುವುದು.